ಸೌತ್ ಪೆರೇಡಿನಲ್ಲಿ ಆರಿದ ದೀಪ

ಹುಣಸೂರು
30ನೇ ಡಿಸೆಂಬರ್ 1956, ಭಾನುವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿ ನೋವು ಹೇಗಿದೆ? ಅಪ್ಪಾಜಿಯ ಕೆಮ್ಮು ಈ ಚಳಿಗೆ ಜಾಸ್ತಿಯಾಗಿಲ್ಲ ತಾನೆ? ಕೆಂದ ಹಸು ಕರು ಹಾಕಿತೇ, ಹಾಕಿದ್ದರೆ ಹೆಣ್ಣೋ ಗಂಡೋ? ಇಷ್ಟು ಕೇಳಿದೆನಲ್ಲ, ಅಲ್ಲಿಗೆ ಮರ್ಯಾದೆ ಮುಗಿಯಿತು. ಇನ್ನು ಮುಂದೆ ಬರೆಯುವುದೆಲ್ಲ ಕೋಪ. 'ಇತ್ತ ನಾವೆಲ್ಲರೂ ಕ್ಷೇಮ' ಎಂಬ ಸಾಲು ಬರಬೇಕಾದ ಜಾಗ ಇದು. ಆ ಸಾಲನ್ನು ಬೇಕೆಂದೇ ಬಿಟ್ಟಿದ್ದೇನೆ. ಕೋಪದಲ್ಲಿ ಕಾಗದ ಬರೆಯಬಾರದು, ಬರೆದರೂ ಒಂದು ರಾತ್ರಿ ದಿಂಬಿನ ಕೆಳಗಿಟ್ಟು ಆಮೇಲೆ ಟಪಾಲಿಗೆ ಹಾಕಬೇಕು ಎಂದು ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಹೇಳಿಕೊಡುತ್ತಿದ್ದರು. ನಾನು ಐದು ರಾತ್ರಿ ಕಾದೆ. ಮೊದಲನೆಯ ದಿನ ಇದ್ದ ಕೋಪಕ್ಕೆ ಐದು ದಿನದ ಬಡ್ಡಿ ಸೇರಿದೆ, ಅಷ್ಟೆ. ಈ ಗುಲಾಬಿ ಬಣ್ಣದ ಕಾಗದ ನಿನ್ನ ಅಳಿಯ ಬೆಂಗಳೂರಿನಲ್ಲಿ ಕೊಡಿಸಿದ್ದು. ಎಷ್ಟು ಚೆನ್ನಾಗಿದೆ ನೋಡು, ಮೂಸಿದರೆ ವಾಸನೆ ಕೂಡ ಬರುತ್ತದೆ. ಇಂಥ ಕಾಗದದ ಮೇಲೆ ಮೊದಲ ಪತ್ರ ಹೀಗೆ ಬರೆಯಬೇಕಾಯಿತಲ್ಲ ಎಂದು ಅದಕ್ಕೂ ಕೋಪ.

ಮೊದಲು ಒಂದು ಪ್ರಶ್ನೆ ಕೇಳುತ್ತೇನೆ, ಉತ್ತರ ಕೊಡು. ನನಗೆ ಟೈಫಾಯ್ಡ್ ಯಾವಾಗ ಬಂದಿತ್ತು?

ಓದುತ್ತಿರುವ ನಿನ್ನ ಮುಖ ನನಗೆ ಇಲ್ಲಿಂದಲೇ ಕಾಣುತ್ತಿದೆ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದೀಯೆ. ಒರೆಸು. ಅಕ್ಷರ ಮಸುಕಾಗಿಲ್ಲ ಅಮ್ಮಾ, ನೆಟ್ಟಗೇ ಬರೆದಿದ್ದೇನೆ.

ಮದುವೆಯ ಮಾರನೆಯ ದಿನ ಪಿರಿಯಾಪಟ್ಟಣದಲ್ಲಿ ನಾನು ಬಸ್ಸು ಹತ್ತುವಾಗ ನೀನು ಅಳುತ್ತ ಅಳುತ್ತಲೇ ನನ್ನ ಮಡಿಲಿಗೆ ಒಂದು ದೀಪ ಇಟ್ಟೆಯಲ್ಲ, ತಲೆಯ ಮೇಲೆ ನಂದಿ ಕೂತಿರುವ ಹಿತ್ತಾಳೆ ದೀಪ, ಅಲ್ಲಿಂದ ಶುರು ಮಾಡೋಣ. "ನಂಜನಗೂಡಿನ ಸ್ವಾಮಿಗೆ ಒಂದು ಹರಕೆ ಇದೆ ನೀಲಾ. ಒಂದು ವರ್ಷ ದಿನಾ ಸಂಜೆ ಹೊತ್ತು ಮುಳುಗೋ ಹೊತ್ತಿಗೆ ನೀನೇ ಹಚ್ಚಬೇಕು, ಬಟ್ಟಲ ಎಣ್ಣೆ ಮುಗಿಯೋ ತನಕ ಪಕ್ಕದಿಂದ ಏಳಬಾರದು" ಎಂದೆ. ಯಾತಕ್ಕೆ ಹರಕೆ ಎಂದು ನಾನು ಕೇಳಲಿಲ್ಲ. ಅಪ್ಪಾಜಿಯ ಕೆಮ್ಮಿಗೆ ಇರಬೇಕು ಎಂದುಕೊಂಡೆ. ಅಪ್ಪಾಜಿಗಾಗಿ ಒಂದು ವರ್ಷವೇನು, ಹತ್ತು ವರ್ಷ ಹಚ್ಚುತ್ತೇನೆ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ನಂದಿಯ ಕೋಡು ಹಿಡಿದುಕೊಂಡು ಅಳುತ್ತ ಬಂದೆ. ಎಂಥ ಹೆಡ್ಡಿ ನಾನು. ಅಂದಿನಿಂದ ದಿನಾ ಸಂಜೆ ಆರು ಗಂಟೆಯಿಂದ ಎಂಟರ ತನಕ ದೇವರ ಕೋಣೆಯ ಹೊಸಿಲಲ್ಲಿ ಕೂತಿದ್ದೇನೆ. ಎಣ್ಣೆ ಸ್ವಲ್ಪ ಕಡಿಮೆ ಹಾಕೋಣ ಎಂದರೆ ಅತ್ತೆಯವರು ತಾವೇ ಹುಯ್ಯುತ್ತಾರೆ, ತುಳುಕುವಷ್ಟು. ನೀನು ಪುಣ್ಯಾತ್ಗಿತ್ತಿ, ಬೀಗತಿಯ ಹರಕೆಯನ್ನು ಅವರು ತಮ್ಮ ಹರಕೆಗಿಂತ ಭದ್ರವಾಗಿ ನೋಡಿಕೊಳ್ಳುತ್ತಿದ್ದಾರೆ.

ಈಗ ದೀಪಗಳ ವಿಷಯ. ಬೆಂಗಳೂರಿನ ಫಿಲೋಮಿನಾ ನಿನಗೆ ಗೊತ್ತು, ಮೈಸೂರಿನ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳು, ನಮ್ಮ ಮನೆಗೆ ಬಂದಾಗ ನೀನು ಕೊಟ್ಟ ಕಜ್ಜಾಯ ಎಂಟು ತಿಂದವಳು. ಅವಳು ಆರು ವರ್ಷ ನನ್ನ ಕಿವಿ ತುಂಬಿದ್ದು ಒಂದೇ ವಿಷಯ. ಅವರ ಕ್ರಿಸ್‌ಮಸ್ ಹಬ್ಬಕ್ಕೆ ಮೊದಲು ಬೆಂಗಳೂರು ದಂಡಿನ, ಅಂದರೆ ಕಂಟೋನ್ಮೆಂಟಿನ, ಸೌತ್ ಪೆರೇಡ್ ಬೀದಿಯಲ್ಲಿ ಅಂಗಡಿ ಅಂಗಡಿಗೂ ಬಣ್ಣದ ಬಲ್ಬು ಇಳಿಬಿಡುತ್ತಾರೆ, ಬೀದಿಯ ಮೇಲೆ ಈ ಕಡೆಯಿಂದ ಆ ಕಡೆಗೆ ಹಾರದ ಹಾಗೆ ಕಟ್ಟುತ್ತಾರೆ, ಆಳುದ್ದದ ನಕ್ಷತ್ರಗಳ ಒಳಗೆ ದೀಪ ಇಡುತ್ತಾರೆ. ಹಾಸ್ಟೆಲಿನಲ್ಲಿ ಸಿಸ್ಟರ್‌ಗಳು ಕೊಟ್ಟಿಗೆಯ ಹಾಗೆ ಕಟ್ಟಿದ ಗೋದಲಿಯ ಸುತ್ತ ಹನ್ನೆರಡು ಬಲ್ಬು ಹಾಕಿದಾಗಲೇ ನಾನು ಊಟ ಬಿಟ್ಟು ನೋಡುತ್ತ ನಿಲ್ಲುತ್ತಿದ್ದವಳು. ಒಂದು ಬೀದಿಗೆ ಬೀದಿಯೇ ಹಾಗಿದ್ದರೆ ಹೇಗಿದ್ದೀತು ಹೇಳು. ಮದುವೆಯಾದ ನಾಲ್ಕನೆಯ ದಿನ ಈ ಆಸೆಯನ್ನು ನಿನ್ನ ಅಳಿಯನ ಹತ್ತಿರ ಹೇಳಿದೆ. ಅವರು ನಗಲಿಲ್ಲ ಅಮ್ಮಾ. ಕಿವಿ ಕೆಂಪಗಾಯಿತು (ಅವರಿಗೆ ಸಂತೋಷವಾದರೆ ಮೊದಲು ಕಿವಿ ಕೆಂಪಗಾಗುತ್ತದೆ, ಆಮೇಲೆ ಮಾತು ಬರುತ್ತದೆ), "ಅಂಗಡಿಗೆ ಲಾಟೀನು ಗಾಜು ತರೋಕೆ ಚಿಕ್ಕಪೇಟೆಗೆ ಹೋಗಲೇಬೇಕು, ಅದನ್ನ ಡಿಸೆಂಬರ್ ಕೊನೆಗೆ ಇಟ್ಕೊಳ್ತೀನಿ" ಎಂದರು. ಲಾಟೀನು ಮಾರುವವರ ಮನೆಗೆ ನನ್ನನ್ನು ಕೊಟ್ಟಿದ್ದಕ್ಕೆ ನಾನು ಅವತ್ತು ನಿಮ್ಮಿಬ್ಬರಿಗೂ ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ. ಒಂದು ತಿಂಗಳು ಪೂರ್ತಿ ನಾವಿಬ್ಬರೂ ಬೇರೆ ಏನೂ ಮಾತಾಡಿಲ್ಲ. ಯಾವ ಸೀರೆ ಉಡಬೇಕು, ಎಲ್ಲಿ ಐಸ್‌ಕ್ರೀಂ ತಿನ್ನಬೇಕು, ಆ ಬೀದಿಯಲ್ಲಿ ಕೈ ಹಿಡಿದುಕೊಂಡು ನಡೆದರೆ ಯಾರಾದರೂ ಏನಾದರೂ ಅಂದುಕೊಳ್ಳುತ್ತಾರೋ. ಅಂದುಕೊಳ್ಳಲಿ ಎಂದು ತೀರ್ಮಾನವೂ ಆಗಿತ್ತು.

ಹೊರಡುವ ಹಿಂದಿನ ದಿನ ಅತ್ತೆಯವರು ತಮ್ಮ ಟ್ರಂಕು ತೆಗೆದರು. "ಅರಕೆ ದೀಪ ಬುಟ್ಟು ಎಂಗವ್ವ ಓಗೀಯೆ? ನಿಮ್ಮವ್ವ ಬರೆದವ್ರೆ, ನಿಮ್ಮ ಕಣ್ಣೆದುರೇ ಅಚ್ಚಿಸಬೇಕು ಅಂತ. ನಾನೂ ಬತ್ತೀನಿ" ಎಂದರು. ಹೀಗೆ ನಾವು ಹೊರಟೆವು. ಮೈಸೂರಿನ ತನಕ ಬಸ್ಸಿನಲ್ಲಿ, ಅಲ್ಲಿಂದ ರೈಲಿನಲ್ಲಿ, ನಾನು ಒಂದು ಕಿಟಕಿಗೆ, ನಿನ್ನ ಅಳಿಯ ಇನ್ನೊಂದು ಕಿಟಕಿಗೆ, ನಡುವೆ ಅತ್ತೆ, ಅತ್ತೆಯ ಮಡಿಲಲ್ಲಿ ದೀಪ, ಕಾಲ ಬಳಿ ಎಣ್ಣೆ ಶೀಸೆ, ಬತ್ತಿಯ ಡಬ್ಬ, ರೊಟ್ಟಿಯ ಗಂಟು. ಮದ್ದೂರಿನಲ್ಲಿ ಒಬ್ಬ ಹೆಂಗಸು ಹತ್ತಿ, "ಯಾವ ಜಾತ್ರೆಗೆ ತಾಯೀ" ಎಂದು ಕೇಳಿದಳು. ನನ್ನ ಮಧುಚಂದ್ರಕ್ಕೆ ಎಂದು ನಾನು ಹೇಳಬೇಕಾಗಿತ್ತು. ಕಿಟಕಿಯ ಆಚೆ ನೋಡಿದೆ.

ಶನಿವಾರ ಮಧ್ಯಾಹ್ನ ಚಿಕ್ಕಪೇಟೆಯ ಹತ್ತಿರ ಒಂದು ಛತ್ರದಲ್ಲಿ ಇಳಿದೆವು. ಲೆಕ್ಕ ಹಾಕಿ ನೋಡು. ಹೊತ್ತು ಮುಳುಗುವುದು ಆರಕ್ಕೆ, ಎಣ್ಣೆ ಮುಗಿಯುವುದು ಎಂಟಕ್ಕೆ, ಛತ್ರದ ಬಾಗಿಲು ಹಾಕುವುದು ಎಂಟೂವರೆಗೆ. ಲೋಕದಲ್ಲಿರುವ ಬಣ್ಣದ ದೀಪಗಳೆಲ್ಲ ಹತ್ತಿಕೊಳ್ಳುವ ಆ ಎರಡು ಗಂಟೆ ನಾನು ಸುಣ್ಣ ಉದುರುವ ಗೋಡೆಗೆ ಒರಗಿ ಒಂದೇ ಒಂದು ಬತ್ತಿಯನ್ನು ಕಾಯುತ್ತಿದ್ದೆ. ನಿನ್ನ ಅಳಿಯನನ್ನು ನಾನೇ ಕಳಿಸಿದೆ, ನೀವಾದರೂ ನೋಡಿ ಬಂದು ಹೇಳಿ ಎಂದು. ಅವರು ಎಂಟೂಕಾಲಿಗೆ ಓಡೋಡಿ ಬಂದರು. ಹೇಗಿತ್ತು ಎಂದರೆ, "ಚೆನ್ನಾಗಿತ್ತು. ಬಲ್ಬು ಬಹಳ ಇವೆ" ಎಂದರು. ಇನ್ನೂ ಹೇಳಿ ಎಂದರೆ ಸ್ವಲ್ಪ ಯೋಚನೆ ಮಾಡಿ, "ಕೆಂಪು ಜಾಸ್ತಿ" ಎಂದರು. ಅಮ್ಮಾ, ನಾನು ಆರು ವರ್ಷ ಕಾದಿದ್ದಕ್ಕೆ ನನಗೆ ಸಿಕ್ಕಿದ್ದು ಕೆಂಪು ಜಾಸ್ತಿ. ಪಾಪ, ಜೇಬಿನಿಂದ ಒಂದು ಕಾಗದದ ನಕ್ಷತ್ರ ತೆಗೆದು ಕೊಟ್ಟರು, ಮಡಿಸಿ ಮಡಿಸಿ ಅದರ ಒಂದು ಮೂಲೆ ಮುರಿದಿತ್ತು. ಅದನ್ನು ನೋಡಿ ನನಗೆ ಅಳು ಬಂತು. ಮಾರನೆಯ ದಿನ ಅವರು ಹೋಗುವುದಿಲ್ಲ ಎಂದುಬಿಟ್ಟರು. ನೀನಿಲ್ಲದೆ ಅಲ್ಲಿ ನಿಂತರೆ ದಾರಿ ತಪ್ಪಿದವನ ಹಾಗೆ ಕಾಣುತ್ತೇನೆ ಎಂದರು. ಇಂಥ ಮಾತನ್ನೆಲ್ಲ ನಾನು ನಿನಗೆ ಬರೆಯಬಾರದು, ಆದರೆ ನೀನು ಯಾವುದನ್ನು ಹಾಳುಮಾಡಿದೆ ಎಂದು ನಿನಗೆ ತಿಳಿಯಲಿ.

ಭಾನುವಾರ ಸಂಜೆ ಅತ್ತೆ ಕೈಕಾಲು ತೊಳೆಯಲು ಹೋದಾಗ ಬತ್ತಿ ಹುಡುಕುತ್ತ ಡಬ್ಬ ತೆಗೆದೆ. ಬತ್ತಿಯ ಕೆಳಗೆ ನಾಲ್ಕು ಮಡಿಕೆಯ ಒಂದು ಕಾಗದ. ನಿನ್ನ ಅಕ್ಷರ. ಮದುವೆಗೆ ಮುಂಚೆ ನೀನು ಅತ್ತೆಗೆ ಬರೆದದ್ದು. ಅವರಿಗೆ ಓದಲು ಬರುವುದಿಲ್ಲ, ಅಂಗಡಿಯ ಲೆಕ್ಕ ಬರೆಯುವ ಮಂಟಯ್ಯನವರಿಂದ ಓದಿಸಿಕೊಂಡು ಅದನ್ನು ದೇವರ ಸಾಮಾನಿನ ಜೊತೆ ಇಟ್ಟಿದ್ದಾರೆ. ನಿನ್ನ ದೀಪ ಹಚ್ಚಿ, ಅದರ ಬೆಳಕಿನಲ್ಲೇ ಓದಿದೆ. 'ನಮ್ಮ ನೀಲಾಂಬಿಕೆ ಹಾಸ್ಟೆಲಿನಲ್ಲಿದ್ದಾಗ ಟೈಫಾಯ್ಡ್ ಜ್ವರ ಬಂದು ಇಪ್ಪತ್ತೊಂದು ದಿನ ಪ್ರಜ್ಞೆ ಇಲ್ಲದೆ ಮಲಗಿದ್ದಳು. ಬದುಕಿಸಿದರೆ ಮದುವೆಯಾದ ವರ್ಷ ಪೂರ್ತಿ ಅವಳ ಕೈಯಲ್ಲಿ ಸಂಜೆ ದೀಪ ಹಚ್ಚಿಸುತ್ತೇನೆ ಎಂದು ನಂಜುಂಡಸ್ವಾಮಿಗೆ ಹರಕೆ ಹೊತ್ತಿದ್ದೇನೆ. ತಪ್ಪಿದರೆ ಮಾಂಗಲ್ಯಕ್ಕೆ ಕೇಡು.'

ಇಪ್ಪತ್ತೊಂದು ದಿನ ಪ್ರಜ್ಞೆ ಇಲ್ಲದೆ ಮಲಗಿದ್ದವಳು ದೊಡ್ಡಮ್ಮನ ಮಗಳು ಅಮ್ಮಾ. ನಾನಲ್ಲ. ನನಗೆ ಹಾಸ್ಟೆಲಿನಲ್ಲಿ ಬಂದದ್ದು ಒಂದೇ ಸಲ ನೆಗಡಿ, ಎರಡು ಸಲ ಕಜ್ಜಿ. ಯಾವ ಹರಕೆಯೂ ಇರಲಿಲ್ಲ. ಆ ದೀಪವೂ ಮನೆಯಲ್ಲಿ ಮೊದಲಿನಿಂದ ಇದ್ದದ್ದಲ್ಲ. ಅಕ್ಟೋಬರಿನಲ್ಲಿ ಫಿಲೋಮಿನಾಳ ಕಾಗದ ಬಂತು, ಮದುವೆಯಾದ ಮೇಲೆ ಇಬ್ಬರೂ ಕ್ರಿಸ್‌ಮಸ್ಸಿಗೆ ಬನ್ನಿ, ದೀಪ ನೋಡಿಕೊಂಡು ನಮ್ಮ ಚರ್ಚಿಗೂ ಬನ್ನಿ ಎಂದು. ನಾನು ಕುಣಿದಾಡಿಕೊಂಡು ನಿನಗೇ ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. ಅದೇ ವಾರ ನೀನು ಸಂತೆಗೆ ಹೋಗಿ ಪಾತ್ರೆ ಅಂಗಡಿಯಲ್ಲಿ ದೀಪ ಕೊಂಡು ತಂದೆ. ನಂದಿಯ ಕಾಲಿನ ಸಂದಿಯಲ್ಲಿ ಅಂಗಡಿಯವನು ಅಂಟಿಸಿದ ಚೀಟಿಯ ಚೂರು ಇನ್ನೂ ಇದೆ. ಮಗಳು ಚರ್ಚಿನ ಒಳಗೆ ಕಾಲಿಟ್ಟು ಹಾಗೇ ಅಲ್ಲೇ ಉಳಿದುಬಿಡುತ್ತಾಳೆ ಎಂದು ಹೆದರಿದೆಯಾ? ಆರು ವರ್ಷ ಅದೇ ಕಾನ್ವೆಂಟಿಗೆ ನೀನೇ ಫೀಸು ಕಟ್ಟಿ ಕಳಿಸಿದೆಯಲ್ಲ. ಬಾಯಿಬಿಟ್ಟು ಹೋಗಬೇಡ ಎಂದಿದ್ದರೆ ನಾನು ಜಗಳ ಆಡುತ್ತಿದ್ದೆ, ಅಳುತ್ತಿದ್ದೆ, ಆಮೇಲೆ ಒಂದು ಮಾತಿಗೆ ಬರುತ್ತಿದ್ದೆವು. ಅದು ಬಿಟ್ಟು ದೇವರ ಹೆಸರಿನಲ್ಲಿ ಹಗ್ಗ ಹೊಸೆದು ಅದರ ತುದಿಯನ್ನು ಅತ್ತೆಯ ಕೈಗೆ ಕೊಟ್ಟು ಕಳಿಸಿದೆ.

ಅದಕ್ಕಿಂತ ಹೆಚ್ಚಿನ ಕೋಪ ಯಾವುದಕ್ಕೆ ಗೊತ್ತೆ? ನಾನು ಬಾಯಿ ಬಿಡುವ ಹಾಗಿಲ್ಲ. ಹರಕೆ ಸುಳ್ಳು ಎಂದು ಹೇಳಿದರೆ, ಗಂಡನ ಮನೆಗೆ ಬಂದು ಆರು ವಾರಕ್ಕೆ ನನ್ನ ತಾಯಿಯನ್ನು ನಾನೇ ಸುಳ್ಳಿ ಮಾಡಿದ ಹಾಗೆ. ಹೇಳದಿದ್ದರೆ ಒಂದು ವರ್ಷದ ಸಂಜೆಗಳೆಲ್ಲ ಹೋದವು. ಆ ಭಾನುವಾರ ಸಂಜೆ ನಿನ್ನ ಕಾಗದವನ್ನು ಮತ್ತೆ ಬತ್ತಿಯ ಕೆಳಗೆ ಇಟ್ಟೆ. ಬಾಯಿ ಮುಚ್ಚಿಕೊಂಡೆ. ನಿನಗಾಗಿ ಮುಚ್ಚಿಕೊಂಡೆ ಅಮ್ಮಾ, ನೆನಪಿಟ್ಟುಕೋ. ಪಕ್ಕದಲ್ಲಿ ನಿನ್ನ ಅಳಿಯ ಒಂದೇ ಪೇಪರನ್ನು ಮೂರನೆಯ ಸಲ ಓದುತ್ತಿದ್ದರು. ಅವರಿಗೂ ಹೇಳಲಿಲ್ಲ.

ಸೋಮವಾರ, ಇಪ್ಪತ್ನಾಲ್ಕು, ಕೊನೆಯ ಸಂಜೆ. ಮಾರನೆಯ ದಿನ ಬೆಳಿಗ್ಗೆ ರೈಲು. ದೀಪ ಹಚ್ಚಿ ಕೂತೆ. ಛತ್ರದ ಮುಂದೆ ಯಾರೋ ದಂಡಿನ ಕಡೆಯಿಂದ ಬಂದವರು ಜೋರಾಗಿ ಮಾತಾಡಿಕೊಂಡು ಹೋದರು. ನಾನು ಅಳಬಾರದು ಎಂದುಕೊಂಡಿದ್ದೆ, ಕಣ್ಣೀರು ತಾನಾಗಿ ಇಳಿದು ಬಟ್ಟಲಿನ ಎಣ್ಣೆಗೆ ಬಿತ್ತು, ಚಿಟ್ ಎಂದಿತು. ಅತ್ತೆ ಜಪದ ನಡುವೆ ಕಣ್ಣು ಬಿಟ್ಟರು. ನನ್ನನ್ನು ನೋಡಿದರು, ಮಗನನ್ನು ನೋಡಿದರು. ಆಮೇಲೆ ಕೇಳಿದರು, "ನಿಮ್ಮವ್ವ ಏನಂತ ಬರೆದವ್ರೆ? ದೀಪದ ಪಕ್ಕ ಕೂತಿರಬೇಕು ಅಂತ ತಾನೆ?" ಹೌದು ಎಂದೆ. "ದೀಪ ಎಲ್ಲಿರಬೇಕು ಅಂತ ಬರೆದಿಲ್ವಲ್ಲ. ಏಳವ್ವ. ಮಗಾ, ಓಗಿ ಒಂದು ಜಟಕಾ ಕರ್ಕೊಂಡ್ ಬಾರಪ್ಪ" ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದೇಬಿಟ್ಟರು. ಮದುವೆಯಾದ ಮೂವತ್ತೈದು ವರ್ಷದಲ್ಲಿ ಅವರು ಮುಸ್ಸಂಜೆ ಹೊತ್ತಿನಲ್ಲಿ ಹೊಸಿಲು ದಾಟಿದ್ದು ಅದೇ ಮೊದಲಂತೆ. ನನಗೋಸ್ಕರ ದಾಟಿದರು.

ಜಟಕಾದವನು ಉರಿಯುವ ದೀಪ ನೋಡಿ ಹಿಂದಕ್ಕೆ ಸರಿದ. "ಕೆಳಗೆ ಹುಲ್ಲಿದೆ ಅಮ್ಮಾ, ನನ್ನ ಗಾಡಿ ಸುಟ್ಟೋಗ್ತದೆ" ಎಂದ. ಅತ್ತೆ ಹತ್ತಿ ಕೂತು, "ನಿನ್ನ ಗಾಡಿಗಿಂತ ನನ್ನ ಸೊಸೆ ಸೀರೆ ಅತ್ತಿರದಲ್ಲಿದೆ, ಸುಟ್ಟರೆ ಅದು ಮೊದಲು ಸುಡ್ತದೆ. ಒಡಿಯಪ್ಪ" ಎಂದರು. ನಾನು ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಅದರ ಮೇಲೆ ದೀಪ ಇಟ್ಟು, ಒಂದು ಕೈ ಕುಡಿಯ ಸುತ್ತ ಮರೆ ಹಿಡಿದು ಕೂತೆ. ಅತ್ತೆ ಸೆರಗನ್ನು ಪರದೆಯ ಹಾಗೆ ಹಿಡಿದಿದ್ದರು. ದಾರಿಯವರೆಲ್ಲ ನಿಂತು ನೋಡಿದರು. ದಂಡಿನ ಹತ್ತಿರ ಬಂದಾಗ ಜಟಕಾದವನು ಹಿಂದಕ್ಕೆ ತಿರುಗಿ, "ಇಲ್ಲಿ ಸರ್ಕಾರದ ಕರೆಂಟು ಇಷ್ಟೊಂದು ಐತೆ, ನೀವು ಮನೆಯಿಂದ ದೀಪ ತಂದಿದ್ದೀರಲ್ಲಮ್ಮ" ಎಂದ. ನಿನ್ನ ಅಳಿಯ ನಕ್ಕರು. ಅತ್ತೆಯೂ ನಕ್ಕರು. ನಾನು ಮಾತ್ರ ನಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಗಾಡಿ ಆ ಬೀದಿಗೆ ತಿರುಗಿತ್ತು.

ಅಮ್ಮಾ, ಹೇಗೆ ಬರೆಯಲಿ? ಕೋಪದ ನಡುವೆ ಇದನ್ನು ಬರೆಯಬೇಕಾಗಿದೆ, ಸ್ವಲ್ಪ ಹೊತ್ತು ನಿನ್ನನ್ನು ಬಿಟ್ಟುಬಿಡುತ್ತೇನೆ. ಮಳೆ ನಿಂತ ಮೇಲೆ ತಂತಿಯ ಮೇಲೆ ಹನಿ ಸಾಲಾಗಿ ಕೂತಿರುತ್ತವಲ್ಲ, ಅದರ ಒಂದೊಂದು ಹನಿಗೂ ಬಣ್ಣ ಬಂದಿದೆ ಎಂದುಕೋ. ಕೆಂಪು, ಹಸಿರು, ನಿಂಬೆಹಣ್ಣಿನ ಬಣ್ಣ, ಮತ್ತೆ ನವಿಲಿನ ಕುತ್ತಿಗೆಯಲ್ಲಿ ಬಿಟ್ಟರೆ ನಾನು ಬೇರೆಲ್ಲೂ ನೋಡದ ಒಂದು ನೀಲಿ. ಬೀದಿಯ ಉದ್ದಕ್ಕೂ. ಒಂದು ಬೇಕರಿಯವರು ಗಾಜಿನ ಹಿಂದೆ ಸಕ್ಕರೆಯ ಮನೆ ಕಟ್ಟಿ ಅದರ ಕಿಟಕಿಗಳ ಒಳಗೆ ಬೆರಳುದ್ದದ ಬಲ್ಬು ಇಟ್ಟಿದ್ದರು. ಬಟ್ಟೆ ಅಂಗಡಿಯ ಮುಂದೆ ಒಂದು ಸರ ಹತ್ತಿ ಆರಿ ಹತ್ತಿ ಆರಿ ಓಡುತ್ತಿತ್ತು, ಯಾರೋ ಒಳಗೆ ಕೂತು ಒಂದೊಂದನ್ನೇ ಊದಿ ಆರಿಸಿ ಹಚ್ಚುತ್ತಿದ್ದಾರೇನೋ ಎನ್ನುವ ಹಾಗೆ. ಅತ್ತೆ ಅದರ ಮುಂದೆ ಜಟಕಾ ನಿಲ್ಲಿಸಿ, "ಎಣ್ಣೆ ಯಾರು ಉಯ್ತಾರೋ" ಎಂದು ನಿಜವಾಗಿಯೂ ಕೇಳಿದರು, ಆಮೇಲೆ ತಮಗೇ ನಾಚಿಕೆಯಾಗಿ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡರು. ನಾವು ಇಳಿದು ನಡೆದೆವು. ಮೂವರೂ. ನನ್ನ ಕೈಯಲ್ಲಿ ದೀಪದ ತಟ್ಟೆ, ಎಡಗಡೆ ಅತ್ತೆ, ಬಲಗಡೆ ನಿನ್ನ ಅಳಿಯ. ಕೈ ಹಿಡಿದುಕೊಳ್ಳಲು ಆಗಲಿಲ್ಲ, ಕೈ ಖಾಲಿ ಇರಲಿಲ್ಲ. ಅವರು ನನ್ನ ಮೊಣಕೈ ಹಿಡಿದುಕೊಂಡಿದ್ದರು.

ಪೆರೇಡ್ ಮೈದಾನ ಎದುರಾಗುವ ಮೂಲೆಯಲ್ಲಿ ದೊಡ್ಡ ನಕ್ಷತ್ರ ಇತ್ತು. ಎರಡು ಮಹಡಿ ಎತ್ತರದಲ್ಲಿ, ಗಾಡಿಯ ಚಕ್ರದಷ್ಟು ದೊಡ್ಡದು, ಬೆಳ್ಳಗೆ. ನೋಡಿದ ತಕ್ಷಣ ನಾನು ಹದಿಮೂರು ವರ್ಷದವಳಾಗಿಬಿಟ್ಟೆ. "ಅತ್ತೆ, ನೋಡಿ, ಅಲ್ಲಿ" ಎಂದು ಕೈ ಎತ್ತಿ ತೋರಿಸಿದೆ. ಕುಡಿಗೆ ಮರೆ ಹಿಡಿದಿದ್ದ ಕೈ ಅದು. ಮೈದಾನದ ಕಡೆಯಿಂದ ಗಾಳಿ ಬಂತು. ದೀಪ ಆರಿತು.

ಅತ್ತೆಯ ಮುಖದಲ್ಲಿ ಆ ನಕ್ಷತ್ರದ ಬೆಳಕೆಲ್ಲ ಬೀಳುತ್ತಿತ್ತು, ಆದ್ದರಿಂದ ನನಗೆ ಎಲ್ಲವೂ ಕಾಣಿಸಿತು. ಅವರು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತು, ನನ್ನ ತಾಳಿಯನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡರು. "ನಾನೇ ಕಣವ್ವ ಆಚೆ ತಂದೋಳು. ನಿಂದೇನೂ ತಪ್ಪಿಲ್ಲ. ನಾನೇ" ಎಂದು ಹೇಳಿದ್ದನ್ನೇ ಹೇಳಿದರು. ನೀನು ಬರೆದ ಆ ಕೊನೆಯ ಸಾಲು, ಮಾಂಗಲ್ಯಕ್ಕೆ ಕೇಡು ಎಂಬುದು, ಅದು ಅವರ ಮಗನ ವಿಷಯ ಅಮ್ಮಾ. ಬರೆಯುವಾಗ ಅಷ್ಟು ಯೋಚಿಸಿದೆಯಾ? ಬೆಂಕಿಪೊಟ್ಟಣ ಛತ್ರದಲ್ಲಿ ಉಳಿದಿತ್ತು. ನಿನ್ನ ಅಳಿಯ ಬೀಡಿ ಸೇದುವವರಲ್ಲ. ಅಷ್ಟರಲ್ಲಿ ಚರ್ಚಿಗೆ ಹೋಗುತ್ತಿದ್ದ ಒಬ್ಬ ಮುದುಕಿ, ಕರಿಯ ಗೌನು ಹಾಕಿದ್ದವಳು, ಕೈಯಲ್ಲಿ ಗಾಜಿನ ಮರೆಯ ಮೇಣದ ಬತ್ತಿ ಹಿಡಿದುಕೊಂಡು ಬರುತ್ತಿದ್ದಳು. ನಮ್ಮನ್ನು ನೋಡಿ ನಿಂತಳು. ನನ್ನ ಹತ್ತಿರ ಇಂಗ್ಲಿಷಿನಲ್ಲಿ ಕೇಳಿದಳು, ನಾನು ಹೇಳಿದೆ. ಅವಳು ಬಗ್ಗಿ ಬತ್ತಿ ಮುಂದಕ್ಕೆ ಚಾಚಿದಳು. ನಾನು ಅತ್ತೆಯ ಮುಖ ನೋಡಿದೆ. "ಇಸ್ಕೊಳವ್ವ. ಒಲೆ ಆರಿದ್ರೆ ಪಕ್ಕದ ಮನೇಲಿ ಕೆಂಡ ಇಸ್ಕೊಂಡು ಬರಲ್ವಾ" ಎಂದರು. ಇಸಿದುಕೊಂಡೆ. ಈಗ ತಿಳಿಯಿತೇ ಅಮ್ಮಾ? ನಾನು ಚರ್ಚಿನ ಹತ್ತಿರ ಹೋಗಬಾರದು ಎಂದು ನೀನು ಕೊಂಡ ದೀಪಕ್ಕೆ ಚರ್ಚಿಗೆ ಹೊರಟಿದ್ದ ಬತ್ತಿಯಿಂದಲೇ ಬೆಂಕಿ ಬಂತು. ಬೇರೆ ಹೊತ್ತಾಗಿದ್ದರೆ ನಗುತ್ತಿದ್ದೆ. ಅತ್ತೆ ನಡುಗುತ್ತಿದ್ದರು, ಅದಕ್ಕೆ ನಗು ಬರಲಿಲ್ಲ.

ವಾಪಸು ಬರುವಾಗ ಜಟಕಾದಲ್ಲಿ ನಾನು ಬಾಯಿ ಬಿಟ್ಟೆ. ನಿನ್ನ ಮಾನಕ್ಕಿಂತ ಆ ನಡುಕ ನನಗೆ ದೊಡ್ಡದಾಗಿ ಕಂಡಿತು, ಕ್ಷಮಿಸು ಎಂದು ಕೇಳುವುದಿಲ್ಲ. "ಅತ್ತೆ, ಹರಕೆಯೇ ಇಲ್ಲ. ನನಗೆ ಜ್ವರವೇ ಬಂದಿರಲಿಲ್ಲ. ಅಮ್ಮ ನನ್ನನ್ನು ಸಂಜೆ ಹೊತ್ತು ಮನೆಯಲ್ಲಿ ಇರಿಸಲು ಹಾಗೆ ಬರೆದಿದ್ದಾಳೆ" ಎಂದೆ. ಅವರು ಏನೆಂದರು ಗೊತ್ತೆ? ನನ್ನ ತಲೆ ಸವರಿದರು. "ನಿಮ್ಮವ್ವ ಅಂಥ ಎಂಗಸಲ್ಲ ಕಣವ್ವ. ದೇವರ ಎಸರಲ್ಲಿ ಅಂಗೆಲ್ಲ ಬರೆಯೋರಾ ಅವರು? ನನ್ನ ಸಮಾಧಾನಕ್ಕೆ ಎತ್ತೋಳನ್ನ ಸುಳ್ಳಿ ಮಾಡಬ್ಯಾಡ ಬುಡು" ಎಂದರು. ನಿನ್ನ ಅಳಿಯ ನನ್ನನ್ನು ನಂಬಿದರು. ಊರಿಗೆ ಬಂದ ಮೇಲೆ ಅವರೂ ಹೇಳಿ ನೋಡಿದರು. "ಎಂಡ್ತಿ ಮಾತ ನೀನು ನಂಬಬೇಕಾದ್ದೇ ಕಣಪ್ಪ" ಎಂದು ಅವರ ಬಾಯಿಯನ್ನೂ ಮುಚ್ಚಿಸಿದರು. ನಿನ್ನ ಮೇಲೆ ಅವರಿಗಿರುವ ನಂಬಿಕೆ ನನಗೆ ನಿನ್ನ ಮೇಲೆ ಈಗ ಇಲ್ಲ. ಈ ಮಾತು ಬರೆಯುವಾಗ ಕೈ ನಿಂತಿತು. ಆದರೂ ಬರೆದೆ.

ಈಗಲೂ ದಿನಾ ಸಂಜೆ ದೀಪ ಹಚ್ಚಿ ಕೂರುತ್ತಿದ್ದೇನೆ. ಅತ್ತೆ ಎದುರಿಗೆ ಕೂರುತ್ತಾರೆ. ಮುಂಚೆ ಆ ಎರಡು ಗಂಟೆ ಅವರು ನನಗೆ ಊರ ಸುದ್ದಿಯೆಲ್ಲ ಹೇಳುತ್ತಿದ್ದರು, ಯಾರ ಎಮ್ಮೆ ಯಾರ ಹೊಲಕ್ಕೆ ನುಗ್ಗಿತು, ಯಾರ ಸೊಸೆ ಯಾರಿಗೆ ಏನಂದಳು, ನಿಜ ಹೇಳಬೇಕೆಂದರೆ ನನಗೆ ಅದು ಇಷ್ಟವಾಗತೊಡಗಿತ್ತು. ಈಗ ಮಾತಿಲ್ಲ. ಕುಡಿಯ ಮೇಲೆ ಇಟ್ಟ ಕಣ್ಣು ತೆಗೆಯುವುದಿಲ್ಲ. ಎಣ್ಣೆ ಮುಗಿದ ಮೇಲೆ ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತಾರೆ. ಪ್ರಯಾಣದ ಸುಸ್ತಿರಬೇಕು.

ಮಗಳ ಮೇಲಿನ ಪ್ರೀತಿಯಿಂದ ಮಾಡಿದೆ ಎಂದು ನೀನು ಹೇಳುತ್ತೀಯೆ. ನನಗೆ ಗೊತ್ತಿಲ್ಲವೇ? ಹಾಸ್ಟೆಲಿಗೆ ಕಳಿಸುವಾಗ ನನ್ನ ಪೆಟ್ಟಿಗೆಯ ಮೂಲೆಯಲ್ಲಿ ವಿಭೂತಿ ಉಂಡೆ ಬಚ್ಚಿಟ್ಟು ಕಳಿಸಿದವಳು ನೀನು. ಅದು ಇನ್ನೂ ನನ್ನ ಹತ್ತಿರ ಇದೆ. ಆದರೆ ವಿಭೂತಿ ಇಟ್ಟೆ ಎಂದು ನೀನು ನನಗೆ ಹೇಳಿದ್ದೆ. ಇದನ್ನು ಹೇಳಲಿಲ್ಲ.

ಅಪ್ಪಾಜಿಗೆ ನನ್ನ ಶರಣು. ಚಳಿಗೆ ಕಿವಿಗೆ ಮಫ್ಲರು ಸುತ್ತಿಕೊಳ್ಳಲಿ. ಹೊಸ ಕರುವಿಗೆ ಹೆಸರಿಡುವ ಮುಂಚೆ ನನ್ನನ್ನು ಕೇಳಬೇಕು. ಗಂಡನ ಹೆಸರು ಹೇಳಬಾರದು, ಬರೆಯಬಾರದು ಎಂದು ನೀನು ಹೇಳಿಕೊಟ್ಟಿದ್ದೆ. ಇವತ್ತು ಬರೆಯುತ್ತೇನೆ. ಗಂಗಾಧರಪ್ಪನವರು ನಿಮ್ಮಿಬ್ಬರಿಗೂ ನಮಸ್ಕಾರ ತಿಳಿಸಿದ್ದಾರೆ. ಅವರಿಗೆ ನಿನ್ನ ಮೇಲೆ ಕೋಪವಿಲ್ಲ. ಅವರ ಪಾಲಿನದನ್ನೂ ನಾನೇ ವಹಿಸಿಕೊಂಡಿದ್ದೇನೆ.

ಈ ಸಲ ಮುತ್ತು ಕಳಿಸದ ನಿನ್ನ ಮಗಳು,
ನೀಲಾಂಬಿಕೆ

ಕೊನೆಗೊಂದು ಮಾತು, ಸೋಮವಾರ ಬೆಳಿಗ್ಗೆ: ಟಪಾಲು ಚೀಲ ಕಟ್ಟುವ ಹೊತ್ತು, ಬೇಗ ಬರೆಯುತ್ತೇನೆ. ಲಕೋಟೆ ಅಂಟಿಸುವಾಗ ಮಂಟಯ್ಯನವರು ಒಳಗೆ ಬಂದರು. ಅತ್ತೆ ಬಾವಿಕಟ್ಟೆಯ ಹತ್ತಿರ ಕಣ್ಣು ಕತ್ತಲೆ ಬಂದು ಕೂತುಬಿಟ್ಟಿದ್ದರು, ಅವರೇ ಎಬ್ಬಿಸಿ ಕರೆತಂದರು. ಮಂಟಯ್ಯನವರನ್ನು ನಾನು ಬೆನ್ನುಹತ್ತಿ ಕೇಳಿದ ಮೇಲೆ ಹೇಳಿದರು. ಬೆಂಗಳೂರಿನಿಂದ ಬಂದ ದಿನವೇ ಅತ್ತೆ ತಪ್ಪು ಕಾಣಿಕೆ ಮುಡಿಪು ಕಟ್ಟಿ, ಶಿವರಾತ್ರಿಯ ತನಕ ಹಬ್ಬವೆನ್ನದೆ ಹುಣ್ಣಿಮೆಯೆನ್ನದೆ ದಿನಕ್ಕೆ ಒಂದೇ ಹೊತ್ತು ಊಟ ಎಂದು ಮಗನ ಹೆಸರಿನಲ್ಲಿ ಹೊತ್ತುಕೊಂಡಿದ್ದಾರೆ. ಯಾರಿಗೂ ಹೇಳಬೇಡಿ ಎಂದಿದ್ದರಂತೆ. ಶಿವರಾತ್ರಿಗೆ ಇನ್ನೂ ಎಂಟು ವಾರ. ಅವರು ತಾಳುವುದಿಲ್ಲ. ನೀನು ಕಾಗದ ಬರೆದರೆ ಪ್ರಯೋಜನವಿಲ್ಲ, ಮಂಟಯ್ಯನವರು ಓದಿ ಹೇಳಿದರೂ ನಾವೇ ಹೇಳಿ ಬರೆಸಿದ್ದು ಎನ್ನುತ್ತಾರೆ. ನೀನೇ ಬರಬೇಕು. ಅವರೆದುರು ಕೂತು ನಿನ್ನ ಬಾಯಿಂದಲೇ ಹೇಳಬೇಕು. ಆಮೇಲೆ ನೀನೇ ತಟ್ಟೆ ಹಾಕಿ ಅವರಿಗೆ ಊಟಕ್ಕೆ ಬಡಿಸು. ಈ ಕಾಗದ ಸೇರಿದ ದಿನವೇ ಸಂಜೆಯ ಬಸ್ಸಿಗೆ ಹೊರಡು. ಅದು ಹುಣಸೂರಿಗೆ ಬರುವುದು ಹೊತ್ತು ಮುಳುಗುವಾಗ. ನಿನ್ನನ್ನು ಕರೆತರಲು ನಾನು ಬಸ್‌ಸ್ಟಾಂಡಿಗೆ ಬರಲಾರೆ. ಆ ಹೊತ್ತಿನಲ್ಲಿ ನಾನು ಎಲ್ಲಿ ಕೂತಿರುತ್ತೇನೆ ಎಂದು ನಿನಗೆ ಗೊತ್ತು.